ಸವಾರಿ ಬಂತು, ಸರೀರಿ

ಸವಾರಿ ಎಂಬ ಮಾತು ಫಾರ್ಸಿಯಿಂದ ಉರ್ದುವಿಗೂ ಅಲ್ಲಿಂದ ನಮ್ಮ ರಾಯಚೂರು ಸೀಮೆಯ ಕನ್ನಡಕ್ಕೂ ಬಂದು ಇಲ್ಲಿಯದೇ ಆಗಿಬಿಟ್ಟಿದೆ. ಉರ್ದುವಿನಲ್ಲಿ ಸವಾರಿಯೆಂದರೆ ಏರಿ ಹೋಗುವ ವಾಹನ. ಟಾಂಗಾದವನಿಗೆ ಸವಾರಿಯೆಂದರೆ ಬಾಡಿಗೆ ಕೊಟ್ಟು ಕೂತ ಪ್ರಯಾಣಿಕ. ಇವೆರಡಕ್ಕಿಂತ ಭಾರವಾದ ಮೂರನೆಯ ಅರ್ಥವೊಂದಿದೆ: ದೊಡ್ಡವರು ದರ್ಬಾರಿನೊಡನೆ ಬರುವುದು. ನಿಜಾಮರ ಆಡಳಿತದಲ್ಲಿ ಅಧಿಕಾರಿಯ ಸವಾರಿ ಹೊರಟಿತೆಂದರೆ ಜನ ರಸ್ತೆಯ ಅಂಚಿಗೆ ಸರಿದು ನಿಲ್ಲುತ್ತಿದ್ದರು. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಮೊಹರಮ್ಮಿನ ಆಲಂಗಳು ಹೊರಡುವುದೂ ಸವಾರಿಯೇ. ಅಲ್ಲಿಯೂ ಹಿಂದೂ ಮುಸ್ಲಿಮರೆನ್ನದೆ ಜನ ಸರಿದು ದಾರಿ ಬಿಡುತ್ತಾರೆ, ಆದರೆ ಅದು ಭಯದಿಂದ ಸರಿಯುವುದಲ್ಲ, ಭಕ್ತಿಯಿಂದ ಸರಿಯುವುದು.

ಈ ಮೂರು ಅರ್ಥಗಳು ಇವತ್ತು ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಒಟ್ಟಿಗೇ ಓಡಾಡುತ್ತಿವೆ. ಜೇವರ್ಗಿಯ ಕಡೆಯಿಂದ ಬರುವ ಈ ರಸ್ತೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿಕೊಂಡು ಸಿರುಗುಪ್ಪ, ಬಳ್ಳಾರಿಯ ಕಡೆ ಹೋಗುತ್ತದೆ. ಮೂರೂರುಗಳ ನಡುವೆ ಐವತ್ತು ಚಿಲ್ಲರೆ ಕಿಲೋಮೀಟರು. ಇದರ ಯಾವುದೇ ಸರ್ಕಲ್ಲಿನಲ್ಲಿ ಹತ್ತು ನಿಮಿಷ ನಿಂತರೆ ಸ್ಕಾರ್ಪಿಯೋ, ಬೊಲೆರೊ, ಥಾರ್, ಫಾರ್ಚುನರ್‌ಗಳೆಲ್ಲ ದರ್ಶನ ಕೊಡುತ್ತವೆ. ಜನ ಇವಕ್ಕೆಲ್ಲ ಸೇರಿಸಿ ‘ದೊಡ್ಡ ಗಾಡಿ’ ಅನ್ನುತ್ತಾರೆ. ದೊಡ್ಡ ಗಾಡಿಯವರ ಬಗ್ಗೆ ಊರಿಗೆ ಎರಡು ನಾಲಿಗೆ. ಎದುರಿಗೆ ‘ಭಾರಿ ಗಾಡಿ ತಗೊಂಡ್ರಿ ಬಿಡ್ರಿ ಧಣಿ’. ಬೆನ್ನಿಗೆ, ಚಹಾದ ಕಪ್ಪು ಕೆಳಗಿಡುವ ಮೊದಲೇ, ‘ರೊಕ್ಕ ಎಲ್ಲಿಂದ ಬಂತು ಅಂವಗ?’ ಈ ಎರಡು ನಾಲಿಗೆಗಳನ್ನು ನಮ್ಮ ಸಿನಿಮಾಗಳೂ ಕಥೆಗಳೂ ಹೇಗೆ ಸಾಕಿವೆ, ಆ ಎರಡನೆಯ ಪ್ರಶ್ನೆಯನ್ನು ಯಾರಿಗೆ ಕೇಳುತ್ತೇವೆ, ಯಾರಿಗೆ ಕೇಳುವುದಿಲ್ಲ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ವಿಷಯ.

ಮೊದಲು ಗಾಡಿಯ ವಂಶಾವಳಿ. ಜೀಪು ಎರಡನೆಯ ಮಹಾಯುದ್ಧದ ಕೂಸು. ಸ್ವಾತಂತ್ರ್ಯ ಬಂದ ಕಾಲಕ್ಕೆ ಮಹೀಂದ್ರಾ ಕಂಪನಿ ವಿಲ್ಲೀಸ್ ಜೀಪನ್ನು ಇಲ್ಲೇ ಜೋಡಿಸಲು ಕೈಹಾಕಿತು. ನಮ್ಮ ಹಳ್ಳಿಗಳಿಗೆ ಅದು ಖಾಸಗಿ ವಾಹನವಾಗಿ ಬರುವ ಮೊದಲೇ ಸರ್ಕಾರವಾಗಿ ಬಂತು. ತಹಶೀಲ್ದಾರ, ಫೌಜದಾರ, ನೀರಾವರಿ ಇಂಜಿನಿಯರು, ಎಲ್ಲರೂ ಇಳಿದದ್ದು ಜೀಪಿನಿಂದಲೇ. ಹಳೆಯ ಸವಾರಿಯ ಕುದುರೆ ಹೋಗಿ ಅದರ ಜಾಗದಲ್ಲಿ ಜೀಪು ಬಂತಷ್ಟೇ, ಸರಿದು ನಿಲ್ಲುವ ಜನ ಅವರೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಎರೆ ಭೂಮಿ ಭತ್ತದ ಕಣಜವಾಯಿತು. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು. ರೈಸ್ ಮಿಲ್ಲುಗಳು ಬಂದವು, ಟ್ರ್ಯಾಕ್ಟರುಗಳು ಬಂದವು. ಟ್ರ್ಯಾಕ್ಟರ್ ಮಾರಾಟದಲ್ಲಿ ತಮ್ಮ ಊರು ಏಷ್ಯಾದಲ್ಲೇ ಮುಂದೆಂದು ಸಿಂಧನೂರಿನವರು ಇವತ್ತಿಗೂ ಎದೆ ತಟ್ಟಿ ಹೇಳಿಕೊಳ್ಳುತ್ತಾರೆ. 1994ರಲ್ಲಿ ಟಾಟಾ ಸುಮೋ, 2000ದಲ್ಲಿ ಬೊಲೆರೊ, 2002ರಲ್ಲಿ ಸ್ಕಾರ್ಪಿಯೋ, 2009ರಲ್ಲಿ ಫಾರ್ಚುನರ್ ಮಾರುಕಟ್ಟೆಗೆ ಬಂದವು. ಟ್ರ್ಯಾಕ್ಟರಿನಲ್ಲಿ ದುಡಿದದ್ದು ಇವುಗಳಲ್ಲಿ ಮೆರೆಯತೊಡಗಿತು.

ಲಂಡನ್ನಿನಲ್ಲಿ ಇಂಥ ಗಾಡಿಗಳಿಗೆ ‘ಚೆಲ್ಸೀ ಟ್ರ್ಯಾಕ್ಟರ್’ ಎಂಬ ಅಡ್ಡಹೆಸರಿದೆ. ಚೆಲ್ಸೀ ಅಲ್ಲಿಯ ಸಿರಿವಂತರ ಬಡಾವಣೆ. ಕೆಸರನ್ನೇ ಕಾಣದವರು ಮಕ್ಕಳನ್ನು ಶಾಲೆಗೆ ಬಿಡಲು ಟ್ರ್ಯಾಕ್ಟರಿನಷ್ಟು ದೊಡ್ಡದನ್ನು ಇಟ್ಟುಕೊಂಡಿದ್ದಾರೆಂಬ ಕುಹಕ ಅದು. ಪ್ಯಾರಿಸ್ಸಿನವರು 2024ರ ಫೆಬ್ರುವರಿಯಲ್ಲಿ ಜನಮತ ನಡೆಸಿ, ಹೊರಗಿನಿಂದ ಬರುವ ಭಾರೀ ಗಾಡಿಗಳಿಗೆ ನಿಲುಗಡೆಯ ಶುಲ್ಕವನ್ನು ಮೂರು ಪಟ್ಟು ಮಾಡಲು ಒಪ್ಪಿದರು. ಆ ಕುಹಕ ನಮ್ಮಲ್ಲಿ ನಡೆಯುವುದಿಲ್ಲ. ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಎಂದು ಬೈದರೆ ಯಾರಿಗೂ ಬೈಗುಳವಾಗಿ ಕೇಳಿಸದು. ಕೆಸರೂ ನಮ್ಮಲ್ಲಿ ನಿಜವೇ. ಮಳೆಗಾಲದ ಎರೆ ಹೊಲದ ದಾರಿಯಲ್ಲಿ ಸಣ್ಣ ಕಾರು ಹೂತುಕೊಂಡರೆ ಎತ್ತು ಕಟ್ಟಿ ಎಳೆಯಬೇಕು. ಹಾಗಾಗಿ ದೊಡ್ಡ ಗಾಡಿಯನ್ನು ಬರೀ ಶೋಕಿ ಎಂದು ತಳ್ಳಿಹಾಕುವ ನಗರದ ಟೀಕೆಯನ್ನು ಇಲ್ಲಿಗೆ ಹಾಗೆಯೇ ತಂದು ಅಂಟಿಸಿದರೆ ಅಂಟುವುದಿಲ್ಲ.

ಇನ್ನು ಸಿನಿಮಾ. ಗಡಿಯ ಈ ಊರುಗಳಿಗೆ ತೆಲುಗು ಸಿನಿಮಾ ಹೊರಗಿನದಲ್ಲ. 1999ರ ‘ಸಮರಸಿಂಹಾರೆಡ್ಡಿ’ಯ ನಂತರ ಸಾಲುಗಟ್ಟಿ ಬಂದ ರಾಯಲಸೀಮೆಯ ‘ಫ್ಯಾಕ್ಷನ್’ ಚಿತ್ರಗಳಲ್ಲಿ ಬಿಳಿ ಬಟ್ಟೆಯ ಯಜಮಾನ, ಅವನ ಹಿಂದೆ ಧೂಳೆಬ್ಬಿಸುವ ಸುಮೋಗಳು, ಕೊನೆಗೆ ಆಕಾಶಕ್ಕೆ ಹಾರುವ ಅವೇ ಸುಮೋಗಳು. ಖಳನಾಯಕನಿಗೂ ಅವೇ ಗಾಡಿಗಳು, ನಾಯಕನಿಗೂ ಅವೇ. ಹೀಗಾಗಿ ಪ್ರೇಕ್ಷಕನಿಗೆ ಗಾಡಿಯ ಮೇಲೆ ಸಿಟ್ಟು ಬರುವುದಿಲ್ಲ, ಅದರೊಳಗೆ ತಾನಿಲ್ಲವಲ್ಲ ಎಂಬ ಹಳಹಳಿ ಹುಟ್ಟುತ್ತದೆ. ಕನ್ನಡ ಸಿನಿಮಾ ಈ ಮಾದರಿಯನ್ನು ಎರವಲು ತಂದು, ಮೀಸೆ ಮಾತ್ರ ಬದಲಿಸಿ ಬಡಿಸಿತು. ಇವತ್ತು ನಮ್ಮ ಹುಡುಗರು ಥಾರಿನ ಹಿಂಬದಿಯ ಗಾಜಿಗೆ ಅಂಟಿಸುವ ‘ಬಾಸ್’ ಎಂಬ ಎರಡಕ್ಷರ ಆ ಬಡಿಸುವಿಕೆಯ ಎಂಜಲು. ಕೆಲವರು ಅದೇ ಗಾಜಿನ ಮೇಲೆ ಜಾತಿಯ ಹೆಸರು ಬರೆಸುತ್ತಾರೆ, ನಮ್ಮವರು 786 ಬರೆಸುತ್ತಾರೆ. ವ್ಯತ್ಯಾಸವಿದೆ ಎಂದು ನನಗನ್ನಿಸಿಲ್ಲ.

ಸಾಹಿತ್ಯವಾದರೂ ಬೇರೆ ದಾರಿ ಹಿಡಿಯಿತೇ? ಮಲೆನಾಡಿನ ಬರಹದಲ್ಲಿ ಜೀಪಿಗೆ ಒಂದು ಸಹಜವಾದ ಬಾಳಿದೆ. ತೇಜಸ್ವಿಯವರ ‘ಕರ್ವಾಲೋ’ದಲ್ಲಿ ಜೀಪು ಕೆಲಸದ ಸಂಗಾತಿ, ಅದನ್ನು ಕಂಡು ಯಾರೂ ಕೈಕಟ್ಟಿ ನಿಲ್ಲುವುದಿಲ್ಲ. ನಮ್ಮ ಬಯಲುಸೀಮೆಯ ಬಹಳಷ್ಟು ಕಥೆಗಳಲ್ಲಿ ಮಾತ್ರ ಜೀಪು ಬಂತೆಂದರೆ ಓದುಗನಿಗೆ ಮುಂದಿನದೆಲ್ಲ ತಿಳಿದುಹೋಗುತ್ತದೆ: ಗೌಡ ಇಳಿಯುತ್ತಾನೆ, ಕ್ರೌರ್ಯ ನಡೆಯುತ್ತದೆ. ಜೀಪು ಕಥೆಗಾರನ ಶ್ರಮ ಉಳಿಸುವ ಒಂದು ಗುರುತಾಗಿಬಿಟ್ಟಿದೆ. ಆ ಜೀಪಿನ ಡ್ರೈವರು ಅನೇಕ ಸಲ ಒಬ್ಬ ‘ಸಾಬ’. ನಂಬಿಕಸ್ಥ, ಮಿತಭಾಷಿ, ಹೆಂಡತಿ ಮಕ್ಕಳಿದ್ದಾರೋ ಇಲ್ಲವೋ ಕಥೆಗೆ ಗೊತ್ತಿಲ್ಲ. ಈ ಮೂರೂರುಗಳ ಗ್ಯಾರೇಜುಗಳಲ್ಲಿ ದೊಡ್ಡ ಗಾಡಿಗಳ ಹೊಟ್ಟೆಯೊಳಗೆ ಕೈ ಇಟ್ಟವರಲ್ಲಿ, ಅವುಗಳಿಗೆ ಬಣ್ಣ ಬಳಿದು ಸೀಟು ಹೊಲಿದವರಲ್ಲಿ, ರಾತ್ರಿಯೆಲ್ಲ ಸ್ಟೇರಿಂಗ್ ಹಿಡಿದವರಲ್ಲಿ ನಮ್ಮವರು ಕಡಿಮೆಯಿಲ್ಲ. ಅವರ ಕಣ್ಣಿಗೆ ಈ ಗಾಡಿ ಹೇಗೆ ಕಾಣುತ್ತದೆ, ಗಾಡಿಯ ಯಜಮಾನ ಹೇಗೆ ಕಾಣುತ್ತಾನೆ ಎಂದು ಬರೆದ ಕಥೆಗಳನ್ನು ಬೆರಳ ಮೇಲೆ ಎಣಿಸಬಹುದು. ಇದಕ್ಕೆ ಎದುರಾದ ದಾರಿಯೂ ಇದೆ. ದೇವನೂರ ಮಹಾದೇವರ ‘ಡಾಂಬರು ಬಂದುದು’ ವಾಹನವನ್ನು ಬಿಟ್ಟು ರಸ್ತೆಯನ್ನೇ ಕಥೆ ಮಾಡಿತು. ನಮ್ಮ ಜಿಲ್ಲೆಯವರೇ ಆದ ಅಮರೇಶ ನುಗಡೋಣಿಯವರ ‘ಸವಾರಿ’, ಗಿರೀಶ ಕಾಸರವಳ್ಳಿಯವರು ಅದನ್ನಾಧರಿಸಿ 2010ರಲ್ಲಿ ತೆಗೆದ ‘ಕನಸೆಂಬ ಕುದುರೆಯನೇರಿ’, ಎರಡೂ ದೊಡ್ಡಮನೆಯನ್ನು ಗುಂಡಿ ತೋಡುವವನ ಕನಸಿನ ಕಡೆಯಿಂದ ನೋಡಿದವು. ಕೆಳಗಿನಿಂದ ನೋಡಿದರೆ ದೊಡ್ಡದು ಬೇರೆಯೇ ಕಾಣುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಈಗ ಆ ಪ್ರಶ್ನೆಗೆ ಬರೋಣ, ‘ರೊಕ್ಕ ಎಲ್ಲಿಂದ ಬಂತು?’ ಸರ್ಕಾರ ದೊಡ್ಡ ಗಾಡಿಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದದ ಕಾರಿಗೆ ಶೇಕಡಾ 40 ಜಿಎಸ್‌ಟಿ. ಆ ಉದ್ದದೊಳಗಿದ್ದು ಎಂಜಿನ್ನೂ ಸಣ್ಣದಿದ್ದರೆ ಶೇಕಡಾ 18. ಈ ಲೆಕ್ಕದಲ್ಲಿ ನಾಲ್ಕು ಮೀಟರಿಗೆ ಅರ್ಧ ಸೆಂಟಿಮೀಟರು ಕಡಿಮೆ ಇರುವ ಬೊಲೆರೊ ಸಣ್ಣ ಕಾರು! ಊರಿನ ಅಳತೆ ಹಾಗಲ್ಲ. ನೂರು ಎಕರೆ ನೀರಾವರಿಯ ಮನೆತನದವನು ಫಾರ್ಚುನರ್ ತಂದರೆ ಅದು ಮನೆತನಕ್ಕೆ ತಕ್ಕದ್ದು, ಆ ಎಕರೆಗಳು ಎಲ್ಲಿಂದ ಬಂದವೆಂದು ಯಾರೂ ಕೇಳುವುದಿಲ್ಲ. ಕ್ಯಾಂಪಿನವನು ತಂದರೆ ‘ಆಂಧ್ರದವರು, ದುಡಿದಾರ’ ಎಂದು ಒಂದಿಷ್ಟು ಅಸೂಯೆ, ಒಂದಿಷ್ಟು ಮೆಚ್ಚುಗೆ. ಗುತ್ತಿಗೆ ಹಿಡಿದು ಮೇಲೆ ಬಂದ ದಲಿತ ಹುಡುಗ ಹಳೆಯ ಸ್ಕಾರ್ಪಿಯೋ ಕೊಂಡರೆ ಅದು ಸೊಕ್ಕು. ಮುಸಲ್ಮಾನನೊಬ್ಬ ಕೊಂಡರೆ ‘ಏನ್ ದಂಧಾ ಮಾಡ್ತಾನ್ರಿ ಅಂವ?’ ಅವನು ಗುಜರಿ ವ್ಯಾಪಾರ ಮಾಡಿದ್ದರೂ, ಕುರಿ ವ್ಯಾಪಾರ ಮಾಡಿದ್ದರೂ, ಅರ್ಧಕ್ಕಿಂತ ಹೆಚ್ಚು ಫೈನಾನ್ಸಿನವರದೇ ಆಗಿದ್ದರೂ ಪ್ರಶ್ನೆ ಬದಲಾಗುವುದಿಲ್ಲ. ಪ್ರಶ್ನೆ ಕೆಟ್ಟದ್ದಲ್ಲ. ಮರಳು, ಮಣ್ಣು, ಗುತ್ತಿಗೆಗಳ ಹಣ ಹರಿದಾಡುವ ಸೀಮೆಯಲ್ಲಿ ಅದನ್ನು ಕೇಳಲೇಬೇಕು, ಎಲ್ಲರಿಗೂ ಕೇಳಬೇಕು. ಆದರೆ ಊರು ಅದನ್ನು ಜಾತಿ ನೋಡಿ ಕೇಳುತ್ತದೆ.

ಗಾಡಿ ನೋಡಿ ಮನುಷ್ಯನನ್ನು ತೀರ್ಮಾನಿಸುವ ಚಟ ನಮ್ಮದೊಂದೇ ಅಲ್ಲ. 2025ರ ನವೆಂಬರಿನಲ್ಲಿ ಹರಿಯಾಣದ ಪೊಲೀಸ್ ಮಹಾನಿರ್ದೇಶಕರು ಥಾರ್ ಮತ್ತು ಬುಲೆಟ್ ಓಡಿಸುವವರನ್ನು ಒಟ್ಟಾರೆಯಾಗಿ ಸಂಶಯಿಸಿ ಆಡಿದ ಮಾತು ದೇಶದ ತುಂಬ ಸುದ್ದಿಯಾಯಿತು. ಅನೇಕರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಕಾರಣವಿಲ್ಲವೆಂದಲ್ಲ. 2021ರ ಅಕ್ಟೋಬರ್ 3ರಂದು ಲಖೀಂಪುರ ಖೇರಿಯಲ್ಲಿ ಪ್ರತಿಭಟಿಸಿ ಮರಳುತ್ತಿದ್ದ ರೈತರ ಮೇಲೆ ಹರಿದದ್ದು ಥಾರ್, ಆ ದಿನದ ಹಿಂಸೆಯಲ್ಲಿ ಒಟ್ಟು ಎಂಟು ಜನ ಸತ್ತರು. ಆದರೆ ಇಡೀ ಒಂದು ಗುಂಪನ್ನು ಅದರ ಗುರುತಿನಿಂದಲೇ ಸಂಶಯಿಸಿದರೆ ಹೇಗಿರುತ್ತದೆಂದು ಟೋಪಿ, ಗಡ್ಡ ಇರುವವರಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಆ ಚಪ್ಪಾಳೆಯಲ್ಲಿ ನಮ್ಮವರ ಕೈಗಳೂ ಸೇರಿದ್ದು ನನಗೆ ಕಸಿವಿಸಿ.

ನಮ್ಮವರ ಮಾತು ಬಂದಮೇಲೆ ಒಂದನ್ನು ಹೇಳಿಯೇಬಿಡಬೇಕು. ಹೈದರಾಬಾದಿನ ಕಡೆಯಿಂದ ನಮಗೆ ಬಂದ ‘ಜೋಡೆ ಕೀ ರಖಮ್’ ಈಗ ಗಾಡಿಯ ಕೀಲಿಕೈಯಾಗಿದೆ. ಹುಡುಗಿಯ ಅಬ್ಬಾ ಹೊಲವೋ ಮನೆಯೋ ಒತ್ತೆಯಿಟ್ಟು ದೊಡ್ಡ ಗಾಡಿ ಕೊಡಿಸುತ್ತಾನೆ. ನಿಕಾಹ್ ಸರಳವಾಗಿರಲೆಂದು ಪ್ರತಿ ಜುಮ್ಮಾಕ್ಕೆ ಬಯಾನ್ ಕೇಳುವವರು ಶಾದಿಖಾನೆಯ ಮುಂದೆ ಹೂವು ಸುತ್ತಿ ನಿಂತ ಆ ಗಾಡಿಯ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ‘ರೊಕ್ಕ ಎಲ್ಲಿಂದ ಬಂತು’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಎಲ್ಲರಿಗೂ ಗೊತ್ತು, ಕೇಳುವವರಿಲ್ಲ.

ಜನ ಸರಿಯುತ್ತಾರೆ ಎಂದೆ. ಸರಿದವರೆಲ್ಲ ಸೋತವರೆಂದು ತಿಳಿಯುವುದೂ ತಪ್ಪಾದೀತು. 2021ರ ಏಪ್ರಿಲ್‌ನಲ್ಲಿ ಮಸ್ಕಿಯಲ್ಲಿ ಉಪಚುನಾವಣೆ ನಡೆಯಿತು. ಆಗ ಆಳುವ ಪಕ್ಷದ ಮಂತ್ರಿಗಳು, ಮುಖಂಡರೆಲ್ಲ ಅಲ್ಲಿಗೆ ಬಂದಿಳಿದರು, ಆ ಊರಿನ ರಸ್ತೆ ಅಷ್ಟು ದೊಡ್ಡ ಗಾಡಿಗಳನ್ನು ಹಿಂದೆ ಕಂಡಿರಲಾರದು. ಆಗ ಅಲ್ಲಿಯ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಗಾಡಿಗಳಿಗೆ ಜನ ದಾರಿ ಬಿಟ್ಟರು, ಮತವನ್ನು ಬಸನಗೌಡ ತುರುವಿಹಾಳರಿಗೆ ಹಾಕಿದರು. ಆಳುವ ಪಕ್ಷದ ಪ್ರತಾಪಗೌಡ ಪಾಟೀಲರು ಮೂವತ್ತು ಸಾವಿರಕ್ಕೂ ಹೆಚ್ಚು ಅಂತರದಿಂದ ಸೋತರು. ಅದೇ ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ, ಹಿರಿಯರಿಗಷ್ಟೇ ಅಲ್ಲ, ಸಣ್ಣವನಿಗೂ ಧರ್ಮದ ಫಲ ದಕ್ಕುತ್ತದೆಂಬುದನ್ನು ಸಾರುತ್ತದೆ. ಶಾಸನ ಓದಿ ಮತ ಹಾಕಿದರೆಂದು ನಾನು ಹೇಳುತ್ತಿಲ್ಲ. ಎದುರಿಗೆ ‘ಧಣಿ’ ಅನ್ನುವ ನಾಲಿಗೆಯನ್ನು ಬರೀ ಗುಲಾಮಗಿರಿ ಎಂದು ಓದಿದ ಕಥೆಗಾರರು ಈ ಮಸ್ಕಿಯನ್ನು ಕಾಣಲಾರರು, ಅಷ್ಟೇ.

ಸವಾರಿಗೆ ಪ್ರಯಾಣಿಕ ಎಂಬ ಅರ್ಥವೂ ಉಂಟೆಂದು ಮೊದಲೇ ಹೇಳಿದೆ. ಕ್ರೂಸರ್ ಗಾಡಿಯನ್ನು ನೋಡಿ. ಉದ್ದದಲ್ಲಿ ಅದು ಫಾರ್ಚುನರಿಗಿಂತ ಕಡಿಮೆಯೇನಲ್ಲ, ಕಲ್ಲು ಕೆಸರು ಯಾವುದಕ್ಕೂ ಅಂಜುವುದಿಲ್ಲ. ಆದರೆ ಅದನ್ನು ಯಾರೂ ದೊಡ್ಡ ಗಾಡಿ ಅನ್ನುವುದಿಲ್ಲ, ಅದಕ್ಕೆ ಯಾರೂ ದಾರಿ ಬಿಡುವುದಿಲ್ಲ. ಕಾಲುವೆಯ ನೀರು ಮುಟ್ಟದ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋಗುವವರು ಗಂಟುಮೂಟೆ, ಹಾಲುಗೂಸುಗಳ ಸಮೇತ ತುಂಬಿಕೊಳ್ಳುವುದು ಅದರಲ್ಲೇ. 2022ರ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲೂಕಿನ ಕಳ್ಳಂಬೆಳ್ಳದ ಬಳಿ ಅಂಥದೊಂದು ಕ್ರೂಸರ್ ಲಾರಿಗೆ ಬಡಿಯಿತು. ರಾಯಚೂರು ಜಿಲ್ಲೆಯಿಂದ ಕೂಲಿಗೆ ಹೊರಟಿದ್ದವರಲ್ಲಿ ಒಂಬತ್ತು ಜನ ಸತ್ತರು. ಪರಿಹಾರ ಘೋಷಣೆಯಾಯಿತು, ಸಂತಾಪಗಳು ಬಂದವು. ಆ ಸಾವುಗಳ ಬಗ್ಗೆ ನಾನು ಓದಿದ್ದು ಪತ್ರಿಕೆಯ ವರದಿಗಳನ್ನು ಮಾತ್ರ, ಕಥೆಯೊಂದನ್ನೂ ಓದಿಲ್ಲ.

ಇಂಥ ಗಾಡಿಗಳ ಮಾಲೀಕರೂ ಇದ್ದಾರೆ. ಸಾಲದ ಮೇಲೆ ಹಳೆಯದೊಂದನ್ನು ಕೊಂಡು, ತಾವೇ ಓಡಿಸಿ, ಕಂತು ಕಟ್ಟುವವರು. ಬಿಳಿ ಬೋರ್ಡಿನ ನಾಲ್ಕು ಚಕ್ರ ಹೆಸರಿನಲ್ಲಿದ್ದರೆ ಸರ್ಕಾರ ಬಿಪಿಎಲ್ ಕಾರ್ಡು ಕೊಡುವುದಿಲ್ಲ. ಹಳದಿ ಬೋರ್ಡಿನ ಒಂದು ಗಾಡಿಯನ್ನು ಜೀವನಕ್ಕಾಗಿ ಓಡಿಸುವವನಿಗೆ ವಿನಾಯಿತಿಯಿದೆ. ಆದರೆ ಹಳದಿ ಬೋರ್ಡಿಗೆ ಪರ್ಮಿಟ್ಟು, ತೆರಿಗೆ, ಹೆಚ್ಚಿನ ವಿಮೆ ಬೇಕು. ಅಷ್ಟು ಕೈಯಲ್ಲಿಲ್ಲದವನು ಬಿಳಿ ಬೋರ್ಡಿನಲ್ಲೇ ಸವಾರಿ ಹೊಡೆಯುತ್ತಾನೆ. ರಸ್ತೆಯ ಮೇಲೆ ಪೊಲೀಸರಿಗೆ ಅಂಜುತ್ತಾನೆ, ಊರಿಗೆ ಬಂದರೆ ರೇಷನ್ ಅಂಗಡಿಯ ಮುಂದೆ ‘ನಿನಗೇನಪ್ಪ, ನಾಲ್ಕು ಗಾಲಿ ಮಾಲೀಕ’ ಅನ್ನಿಸಿಕೊಳ್ಳುತ್ತಾನೆ.