ಗೆರೆಯಲ್ಲಿ ಕಾಣುವ ಗ್ರ್ಯಾಂಡ್ ಕ್ಯಾನ್ಯನ್

ಲಾಸ್ ವೇಗಸ್‌ನಿಂದ ಬಸ್ಸಿನಲ್ಲಿ ಬಂದು, ಕಮರಿಯ ಅಂಚಿನ ಮೇದರ್ ಪಾಯಿಂಟ್‌ನ ಕಂಬಿಗೆ ಒರಗಿ ಫೋಟೊ ತೆಗೆಸಿಕೊಂಡು, "ಅಬ್ಬಾ, ಎಷ್ಟು ಆಳ!" ಎಂದು ಊರಿಗೆ ವಾಟ್ಸ್ಆ್ಯಪ್ ಕಳಿಸಿ ಹೊರಟುಬಿಡುವ ನಮ್ಮವರನ್ನು ಕಂಡರೆ ನನಗೆ ರೇಗುತ್ತದೆ. ಆಳ ಯಾರಿಗಾದರೂ ಕಾಣುತ್ತದೆ. ಆ ಕಮರಿಯ ಕಟ್ಟೋಣ ಕಾಣಬೇಕಾದರೆ ಕಂದುಗೆರೆಗಳ ನಕ್ಷೆ ಓದಬೇಕು.

ದಿಕ್ಕು, ಸ್ಕೇಲು ಇತ್ಯಾದಿಯನ್ನು ಹೈಸ್ಕೂಲಿನ ಭೂಗೋಳಕ್ಕೆ ಬಿಡುತ್ತೇನೆ. ಆ ಕಂದುಗೆರೆಗಳು, ಎಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು, ಎಲ್ಲಿ ಒತ್ತಾಗಿವೆ, ಎಲ್ಲಿ ಬಿಡಿಯಾಗಿವೆ, ಅದನ್ನು ನೋಡಿ. ಕಮರಿಯ ದಕ್ಷಿಣ ದಂಡೆಯಿಂದ, ಎಂದರೆ ಮೇಲಂಚಿನಿಂದ, ಬೆರಳಿಟ್ಟು ಇಳಿಯಿರಿ: ಒತ್ತು, ಬಿಡಿ, ಒತ್ತು, ಬಿಡಿ, ತಾಳ ಹಾಕಿದ ಹಾಗೆ. ಒತ್ತಾದಲ್ಲಿ ಇಳಿಜಾರು ಕಡಿದು: ಗಟ್ಟಿ ಸುಣ್ಣಕಲ್ಲು, ಮರಳುಗಲ್ಲು. ಬಿಡಿಯಾದಲ್ಲಿ ಬೇಗ ಸವೆಯುವ ಜೇಡಿಕಲ್ಲು. ಗೆರೆಗಳೆಲ್ಲ ಬೆಸೆದುಕೊಂಡ ದಪ್ಪ ಪಟ್ಟಿಯೊಂದು ಸಿಗುತ್ತದಲ್ಲ, ಅದು ರೆಡ್‌ವಾಲ್, ಸುಮಾರು 150 ಮೀಟರಿನ ನೆಟ್ಟನೆಯ ಗೋಡೆ. ಅದರ ಕೆಳಗೆ ಗೆರೆಗಳು ಹರಡಿಕೊಂಡ ಟೊಂಟೊ ಹಾಸು. ಮತ್ತೆ ಒತ್ತು, ತಳದಲ್ಲಿ ಕೊಲೊರಾಡೊ ನದಿ.

ಈಗ ರೆಡ್‌ವಾಲ್ ಪಟ್ಟಿಯ ಉದ್ದಕ್ಕೂ ಬೆರಳು ಸರಿಸಿ. ಮೈಲಿಗಟ್ಟಲೆ ಸಂದು ಸಿಗುವುದಿಲ್ಲ. ಬ್ರೈಟ್ ಏಂಜೆಲ್ ಕಾಲುದಾರಿಯ ಬಳಿ ಬಂದಾಗ ಗೆರೆಗಳು ಸಡಿಲಾಗುತ್ತವೆ. ಅಲ್ಲಿ ಸ್ತರಭಂಗವೊಂದು ಗೋಡೆಯನ್ನು ಮುರಿದಿದೆ. ಇಲ್ಲಿನ ಮೂಲನಿವಾಸಿ ಹವಸುಪೈ ಜನ ಹಿಂದೆ ಇಳಿದದ್ದೂ, ಈಗ ಪ್ರವಾಸಿಗರು ಇಳಿಯುವುದೂ ಆ ಮುರುಕಿನಲ್ಲೇ. ದಾರಿ ಅಲ್ಲೇ ಯಾಕಿದೆ ಎಂಬುದನ್ನು ಗೆರೆ ಹೇಳಿದಷ್ಟು ಚೆನ್ನಾಗಿ ಯಾವ ಗೈಡೂ ಹೇಳಲಾರ.

ಇದು ನನಗೆ ಹೊಳೆದದ್ದು, ನಕ್ಷೆಕಾರ ಬ್ರಾಡ್‌ಫೋರ್ಡ್ ವಾಶ್‌ಬರ್ನ್ ಹೆಲಿಕಾಪ್ಟರು, ಲೇಸರು ಬಳಸಿ ವರ್ಷಗಟ್ಟಲೆ ಅಳೆದು ಮಾಡಿದ ನಕ್ಷೆಯನ್ನು ಗೆಳೆಯನ ಮನೆಯ ನೆಲದ ಮೇಲೆ ಹರಡಿಕೊಂಡ ರಾತ್ರಿ. 1978ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅದನ್ನು ಪ್ರಕಟಿಸಿತು. ಅದಕ್ಕೂ ಹಿಂದೆ, 1902ರಲ್ಲಿ, ಸರ್ವೇಯರ್ ಫ್ರಾಂಸ್ವಾ ಮ್ಯಾಥೆಸ್ ಇದೇ ಕಮರಿಯನ್ನು ಅಳೆಯಲು ಹೊರಟಾಗ ಇದ್ದ ಸಾಧನ ಪ್ಲೇನ್ ಟೇಬಲ್, ಎಂದರೆ ಕಾಲುಗಳ ಮೇಲೆ ನಿಲ್ಲಿಸಿ ನಕ್ಷೆ ಬಿಡಿಸುವ ಹಲಗೆ. ಅವನ ಗೆರೆಗಳನ್ನೂ ನೋಡಿ. ಫೋನಿನಲ್ಲಿ ಗಿರ್ರನೆ ತಿರುಗುವ ಬಣ್ಣದ ಚಿತ್ರ ಇವೆರಡರ ಹತ್ತಿರವೂ ಸುಳಿಯದು.

ನಕ್ಷೆಯಲ್ಲಿ ಕಾಣುವ ಇನ್ನೊಂದು ಸಂಗತಿ: ನದಿ ಉತ್ತರ ದಂಡೆಗಿಂತ ದಕ್ಷಿಣ ದಂಡೆಗೆ ಹತ್ತಿರ. ಯಾಕೆಂದರೆ ಶಿಲಾಪದರಗಳು ದಕ್ಷಿಣಕ್ಕೆ ವಾಲಿವೆ. ದಕ್ಷಿಣ ದಂಡೆಗಿಂತ ಸುಮಾರು 300 ಮೀಟರ್ ಹೆಚ್ಚು ಎತ್ತರದಲ್ಲಿರುವ ಉತ್ತರ ದಂಡೆಯ ನೀರು ಕಮರಿಗೇ ಹರಿದು ಕೊರೆಯುತ್ತದೆ, ದಕ್ಷಿಣ ದಂಡೆಯದು ಕಮರಿಯಿಂದಾಚೆ ಹೋಗುತ್ತದೆ. ಹಾಗಾಗಿ ಉತ್ತರದ ಉಪಕಣಿವೆಗಳು ಉದ್ದ, ದಕ್ಷಿಣದವು ಮೋಟು.

ಟಿಕೆಟ್ ಕಾದಿರಿಸುವ ಮೊದಲೇ ಕಮರಿಯ ಇಂಥದೊಂದು ನಕ್ಷೆ ತೆರೆದು ಕೂತುಕೊಳ್ಳಿ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ತನ್ನ ನಕ್ಷೆಗಳನ್ನು ಜಾಲತಾಣದಲ್ಲಿ ಪುಕ್ಕಟೆಯಾಗಿ ಕೊಡುತ್ತದೆ.