ಅಘನಾಶಿನಿಯ ಬಳಚು

ಶಿರಸಿಯಲ್ಲಿ ಹುಟ್ಟಿ, ನಮ್ಮೂರು ತ್ಯಾಗಲಿ ಇರುವ ಸಿದ್ದಾಪುರ ಸೀಮೆಯನ್ನು ಹಾದು, ಉಂಚಳ್ಳಿಯಲ್ಲಿ ಧುಮುಕಿ ಘಟ್ಟ ಇಳಿಯುವ ಅಘನಾಶಿನಿ, ಕುಮಟಾ ತಾಲ್ಲೂಕಿನ ತದಡಿ ಬಳಿ ಕಡಲು ಸೇರುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಆ ಅಳಿವೆಯ ಮರಳೇ ಬಳಚು ಎಂಬ ಚಿಪ್ಪುಜೀವಿಯ ತವರು. ಬಳಚನ್ನೇ ಕಾರವಾರದ ಕೊಂಕಣಿಗರು ತಿಸ್ರೆ ಎನ್ನುತ್ತಾರೆ, ಮಂಗಳೂರಿನ ತುಳುವರು ಮರುವಾಯಿ ಎನ್ನುತ್ತಾರೆ. ಬಂಡೆಗೆ ಅಂಟಿ ಬೆಳೆಯುವ ಸಿಂಪಿ ಬೇರೆ, ಅದಕ್ಕೆ ಕಲ್ಗ ಎಂದು ಹೆಸರು.

ಬೇಸಿಗೆ ರಜೆಯಲ್ಲಿ ಘಟ್ಟ ಇಳಿದರೆ ಅಜ್ಜಿಮನೆಯಲ್ಲಿ ಬಳಚಿನ ಸುಕ್ಕ ಕಾದಿರುತ್ತಿತ್ತು. ನೀರಿಳಿದ ಹೊತ್ತಿನಲ್ಲಿ ಹೆಂಗಸರು ಸೊಂಟಮಟ್ಟ ನೀರಲ್ಲಿ ನಿಂತು ಆರಿಸಿ ತಂದದ್ದು. ಅಜ್ಜಿ ಅದನ್ನು ನೀರಲ್ಲಿಟ್ಟು ಮರಳು ಬಿಡಿಸಿ, ಚಿಪ್ಪು ಬಾಯ್ಬಿಡುವಷ್ಟೇ ಬೇಯಿಸಿ, ಕಾಯಿತುರಿ, ಒಣಮೆಣಸು, ಕೊತ್ತಂಬರಿ ಹುರಿದು ರುಬ್ಬಿದ ಮಸಾಲೆಗೆ ಹಾಕುತ್ತಿದ್ದಳು. ಚಿಪ್ಪಿಗಂಟಿದ ಮಸಾಲೆಯನ್ನು ಚೀಪುವುದೇ ನಮಗೆ ಹಬ್ಬ. ಉಳಿದ ಚಿಪ್ಪೂ ವ್ಯರ್ಥವಲ್ಲ, ಸುಟ್ಟರೆ ಸುಣ್ಣ.

ಅಣೆಕಟ್ಟಿಲ್ಲದೆ ಹರಿಯುವ ಈ ಹೊಳೆಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಬಳಚು ಉಳಿಯಬೇಕಾದರೆ ಮರಳು ಬಗೆಯುವುದು ನಿಲ್ಲಬೇಕು, ಮರಿಗಳನ್ನು ನೀರಿಗೇ ಬಿಡಬೇಕು. ಘಟ್ಟದ ಮೇಲಿನ ನಾವೂ ಹೊಳೆಯನ್ನು ಚೊಕ್ಕಟವಾಗಿ ಇಳಿಸಿಕೊಡೋಣ.