ಬೆಳಕಿಗಲ್ಲದ ಕಿಟಕಿಗಳು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಅತ್ತೆ ನನ್ನ ಕೋಣೆಗೆ ಬಂದು ಬಾಗಿಲನ್ನು ಮುಂದೆ ಮಾಡಿದರು. ಮನೆಯವರೆಲ್ಲ ಬಳಸುವ ಕಂಪ್ಯೂಟರ್ ಇರುವುದು ನನ್ನ ಕೋಣೆಯಲ್ಲಿ. ಎದೆಯಲ್ಲಿ ಒಂದು ಗಂಟು ಕೈಗೆ ಸಿಗುತ್ತಿದೆ, ಅದರ ಬಗ್ಗೆ ಸ್ವಲ್ಪ ಓದಬೇಕು, ಡಾಕ್ಟರ್ ಹತ್ತಿರ ಹೋಗಿ ಬರುವ ತನಕ ಮಾತ್ರ ಯಾರಿಗೂ ತಿಳಿಯಬಾರದು ಎಂದರು. ನಾನು ಬ್ರೌಸರಿನಲ್ಲಿ ಖಾಸಗಿ ಕಿಟಕಿಯೊಂದನ್ನು ತೆರೆದುಕೊಟ್ಟೆ. ಅಷ್ಟು ಸಾಲದೆಂದು ಸೆಟ್ಟಿಂಗ್ಸ್‌ಗೆ ಹೋಗಿ, ನನ್ನನ್ನು ಹಿಂಬಾಲಿಸಬೇಡಿ ಎಂದು ಜಾಲತಾಣಗಳಿಗೆ ಹೇಳುವ ಗುಂಡಿಯನ್ನೂ ಒತ್ತಿದೆ.

“ಇನ್ನು ಯಾರಿಗೂ ಗೊತ್ತಾಗಲ್ಲ ಅತ್ತೆ.”

“ಯಾರಿಗೂ ಅಂದ್ರೆ ಯಾರಿಗೂ ಗೊತ್ತಾಗಲ್ವೇನೇ?”

ಹೌದು ಎಂದುಬಿಟ್ಟೆ. ಆ ‘ಹೌದು’ ತಪ್ಪಾಗಿತ್ತು. ಅದು ಎಷ್ಟು ತಪ್ಪು, ಎಲ್ಲಿ ತಪ್ಪು ಎಂದು ನನಗೆ ಹೊಳೆದದ್ದು ವಿಚಿತ್ರವಾದ ದಾರಿಯಲ್ಲಿ. ಆ ದಿನಗಳಲ್ಲಿ ನಾನು ಹಳೆಯ ಕಾರುಗಳ ಹಿಂಬದಿಯ ಕಿಟಕಿಗಳ ಚೆಲುವಿನ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಕಿಟಕಿ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಕಿಟಕಿಯ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ನನ್ನ ಮೇಜಿನ ಮೇಲೆಯೇ ಇತ್ತು. ಅದನ್ನು ಕಂಪ್ಯೂಟರಿನ ತೆರೆಗೆ ಕೇಳಲು ಮಾತ್ರ ನಾನು ಮರೆತಿದ್ದೆ.

ಮೊದಲು ಕಾರುಗಳ ವಿಷಯ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹಿಂದಿನ ಗಾಜು ಮೊದಮೊದಲು ಎರಡು ಹೋಳಾಗಿತ್ತು. ನಡುವೆ ಒಂದು ತೆಳ್ಳನೆಯ ಲೋಹದ ಪಟ್ಟಿ, ಆಚೀಚೆ ಎರಡು ಪುಟ್ಟ ಗಾಜು. ದೊಡ್ಡದಾದ ಬಾಗಿದ ಗಾಜನ್ನು ಮಾಡುವುದು ಆಗ ಕಷ್ಟದ, ಖರ್ಚಿನ ಕೆಲಸ. ಅಗ್ಗದ ಕಾರಿಗೆ ಅದು ಹೊಂದುವಂತಿರಲಿಲ್ಲ. 1953ರ ಮಾರ್ಚ್‌ನಲ್ಲಿ ನಡುವಿನ ಪಟ್ಟಿ ಹೋಗಿ ಮೊಟ್ಟೆಯಾಕಾರದ ಒಂದೇ ಗಾಜು ಬಂತು. 1957ರಲ್ಲಿ ಅದೂ ಹೋಗಿ ಅಗಲವಾದ ಚೌಕದ ಗಾಜು ಬಂತು. ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುವುದು ಆ ಎರಡು ಹೋಳಿನ ಕಿಟಕಿಯನ್ನೇ. ಜರ್ಮನ್ನರು ಅದಕ್ಕೆ ತಮ್ಮೂರಿನ ತಿರುಚಿದ ಬ್ರೆಡ್ಡಿನ ಹೆಸರನ್ನಿಟ್ಟು ಮುದ್ದಿನಿಂದ ‘ಪ್ರೆಟ್ಜೆಲ್ ಕಿಟಕಿ’ ಎಂದು ಕರೆಯುತ್ತಾರೆ. ಬಡತನದಿಂದ ಬಂದ ರೂಪ ಕಾಲ ಸರಿದ ಮೇಲೆ ಒಡವೆಯಾಯಿತು. ಆದರೆ ಅದು ಹುಟ್ಟಿದ್ದು ಒಡವೆಯಾಗಿ ಅಲ್ಲ. ಅದರಲ್ಲಿ ಮೋಸವಿಲ್ಲ: ಕೈಲಾದಷ್ಟು ತೋರಿಸುತ್ತೇನೆ ಎಂದಿತು, ಅಷ್ಟನ್ನು ತೋರಿಸಿತು.

ಇದೇ ರೂಪ ಹತ್ತು ವರ್ಷಗಳ ನಂತರ ಅಮೆರಿಕದಲ್ಲಿ ಬೇರೆಯೇ ಕಾರಣಕ್ಕೆ ಮರಳಿತು. 1963ರ ಷೆವರ್ಲೆ ಕಾರ್ವೆಟ್ ಸ್ಟಿಂಗ್ ರೇ. ಆ ಹೊತ್ತಿಗೆ ದೊಡ್ಡ ಬಾಗಿದ ಗಾಜು ಮಾಡುವುದು ಕಷ್ಟವೇನೂ ಆಗಿರಲಿಲ್ಲ. ಆದರೂ ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಬಿಲ್ ಮಿಚೆಲ್, ಕಾರಿನ ನೆತ್ತಿಯಿಂದ ಬಾಲದವರೆಗೆ ಬೆನ್ನುಮೂಳೆಯಂತೆ ಒಂದು ರೇಖೆ ಹರಿಯಬೇಕು, ಅದು ಹಿಂದಿನ ಗಾಜನ್ನು ಸೀಳಿಕೊಂಡೇ ಹೋಗಬೇಕು ಎಂದು ಹಟ ಹಿಡಿದ. ಎಂಜಿನಿಯರ್ ಝೋರಾ ಆರ್ಕಸ್-ಡಂಟೋವ್ ಅದನ್ನು ವಿರೋಧಿಸಿದ. ಚಾಲಕ ಕನ್ನಡಿ ನೋಡಿದರೆ ಹಿಂದೆ ಬರುವ ಗಾಡಿ ಕಾಣಬೇಕಾದ ಜಾಗದಲ್ಲಿ ಕಾಣುವುದು ಪಟ್ಟಿ! ಮಿಚೆಲ್ ಗೆದ್ದ, ಆದರೆ ಒಂದೇ ವರ್ಷಕ್ಕೆ. 1964ರ ಮಾದರಿಯಲ್ಲಿ ಪಟ್ಟಿ ಇರಲಿಲ್ಲ. ಸೀಳುಗಾಜಿನ ಕಾರುಗಳು ತಯಾರಾದದ್ದು 10,594 ಮಾತ್ರ. ಅವನ್ನು ಕೊಂಡ ಕೆಲವರು ಆ ಪಟ್ಟಿಯನ್ನು ಕತ್ತರಿಸಿ ತೆಗೆಸಿ ಮುಂದಿನ ವರ್ಷದ ಒಂಟಿಗಾಜನ್ನು ಹಾಕಿಸಿಕೊಂಡರು. ಅವರು ಕತ್ತರಿಸಿ ಎಸೆದದ್ದಕ್ಕೇ ಇಂದು ಬೆಲೆ.

ಮೂರನೆಯದು ಇನ್ನೂ ಕುತೂಹಲದ್ದು. 1970ರ ದಶಕದ ಅಮೆರಿಕದ ಐಷಾರಾಮಿ ಕಾರುಗಳಲ್ಲಿ ಛಾವಣಿ ಹೊರುವ ಹಿಂಬದಿಯ ಕಂಬ ದಪ್ಪವಾಗುತ್ತ ಹೋಯಿತು. ಮೇಲೆ ವಿನೈಲ್ ಹೊದಿಕೆ. ಮಡಚುವ ಬಟ್ಟೆಯ ಛಾವಣಿಯ ಕಾರುಗಳು ಮರೆಯಾಗುತ್ತಿದ್ದ ಕಾಲದಲ್ಲಿ, ಮಡಚಲಾಗದ ಉಕ್ಕಿನ ಛಾವಣಿ ಬಟ್ಟೆಯ ವೇಷ ಹಾಕಿಕೊಂಡಿತ್ತು. ಆ ದಪ್ಪ ಕಂಬದಲ್ಲಿ ಅಂಗೈಯಗಲದ ಒಂದು ಗಾಜು ಕೂರಿಸಿದರು. ಅದರ ಹೆಸರು ‘ಒಪೆರಾ ಕಿಟಕಿ’. 1972ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ ಫೋರ್ ಕಾರಿನಲ್ಲಿ ಅದು ಮೊಟ್ಟೆಯಾಕಾರದಲ್ಲಿತ್ತು, ಗಾಜಿನಲ್ಲೇ ಕಂಪನಿಯ ನಕ್ಷತ್ರದ ಗುರುತಿತ್ತು. ಕೆಲವೇ ವರ್ಷಗಳಲ್ಲಿ ಷೆವರ್ಲೆ ಮಾಂಟೆ ಕಾರ್ಲೊ, ಕ್ರೈಸ್ಲರ್ ಕಾರ್ಡೋಬಾದಂಥ ಕಾರುಗಳಿಗೂ ಒಪೆರಾ ಕಿಟಕಿ ಬಂತು. ಒಪೆರಾಕ್ಕೆ ಎಂದೂ ಹೋಗದವರ ಕಾರಿನಲ್ಲೂ ಒಪೆರಾದ ಹೆಸರಿನ ಕಿಟಕಿ.

ಅದರ ಪೂರ್ವಜನ ಕತೆ ಬೇರೆ. 1955ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಬಿಚ್ಚಿ ಜೋಡಿಸುವ ಗಟ್ಟಿ ಛಾವಣಿ ಹಾಕಿದರೆ ಪಕ್ಕದ ಹಿಂಬದಿ ಕಾಣುತ್ತಿರಲಿಲ್ಲ. 1956ರಲ್ಲಿ ಛಾವಣಿಯ ಎರಡೂ ಪಕ್ಕಗಳಲ್ಲಿ ಹಡಗಿನ ಕಿಂಡಿಯಂಥ ದುಂಡು ಗಾಜು ಕೊಟ್ಟರು. ಅದು ಕುರುಡು ಮೂಲೆಗೆ ಮದ್ದು. ಅಂದವಾಗಿಯೂ ಇತ್ತು. ಹದಿನಾರು ವರ್ಷಗಳ ನಂತರದ ಒಪೆರಾ ಕಿಟಕಿ ಆ ಅಂದವನ್ನು ಇಟ್ಟುಕೊಂಡು ಮದ್ದನ್ನು ಬಹುಪಾಲು ಕೈಬಿಟ್ಟಿತು. ಮೊದಲು ಗೋಡೆಯನ್ನು ದಪ್ಪ ಮಾಡಿ, ಆಮೇಲೆ ಅದಕ್ಕೊಂದು ತೂತು ಕೊಟ್ಟು, ನೋಡಿ ಕಿಟಕಿ ಎಂದಿತು.

ಇಷ್ಟು ಬರೆದು ನಾನು ಅಲಂಕಾರದ ವಿರುದ್ಧ ವಾದ ಹೂಡಬಹುದಿತ್ತು. ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ 20ನೆಯ ಶತಮಾನದ ಆರಂಭದಲ್ಲೇ ಅಲಂಕಾರವನ್ನು ಅಪರಾಧದ ಪಕ್ಕದಲ್ಲಿ ಕೂರಿಸಿದ್ದ. ಆದರೆ ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಅಷ್ಟು ಸುಲಭವಾಗಿ ಆ ಮಾತನ್ನು ಒಪ್ಪಲಾಗುವುದಿಲ್ಲ. ‘ಅಲಂ’ ಎಂದರೆ ಸಾಕು. ಸಾಲದ್ದನ್ನು ಸಾಕಾಗುವಂತೆ ಮಾಡುವುದು ಅಲಂಕಾರ ಎಂದು ಆ ಪದವನ್ನು ಬಿಡಿಸಿ ಹೇಳುತ್ತಾರೆ. 11ನೆಯ ಶತಮಾನದ ಕ್ಷೇಮೇಂದ್ರ ಕೇಳಿದ್ದು ಒಡವೆ ಬೇಕೇ ಬೇಡವೇ ಎಂದಲ್ಲ, ಒಡವೆ ಅದರ ಜಾಗದಲ್ಲಿದೆಯೇ ಎಂದು. ಅವನು ಅದನ್ನು ಔಚಿತ್ಯ ಎಂದ. ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳನ್ನು ನೆನೆಯಿರಿ. ಕಲ್ಲಿನಲ್ಲಿ ಕೊರೆದ ಆ ಕಿಟಕಿಗಳಷ್ಟು ಅಲಂಕೃತವಾದ ಕಿಟಕಿ ಯಾವ ಕಾರಿನಲ್ಲೂ ಇಲ್ಲ. ಅವು ಬೆಳಕನ್ನೂ ಗಾಳಿಯನ್ನೂ ಒಳಗೆ ಬಿಡುತ್ತವೆ, ಹೊರಗಿನ ಕಣ್ಣನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅಲ್ಲಿ ಕೆತ್ತನೆಯನ್ನು ತೆಗೆದರೆ ಕೆಲಸವೂ ಹೋಗುತ್ತದೆ. ಎರಡೂ ಒಂದೇ.

ಹಾಗಾಗಿ ನನ್ನ ಅಳತೆಗೋಲು ಇಷ್ಟೇ: ಈ ಕಿಟಕಿಯನ್ನು ತೆಗೆದುಬಿಟ್ಟರೆ ಒಳಗೆ ಕೂತವರಿಗೆ ಏನು ಬದಲಾಗುತ್ತದೆ? ಜಾಲಂಧ್ರ ತೆಗೆದರೆ ಬಹಳ ಬದಲಾಗುತ್ತದೆ. ಕಾರ್ವೆಟ್‌ನ ಪಟ್ಟಿ ತೆಗೆದರೆ ನೋಟ ಉತ್ತಮವಾಗುತ್ತದೆ. ಒಪೆರಾ ಕಿಟಕಿ ತೆಗೆದರೆ ಹಿಂದೆ ಕೂತವರಿಗೆ ಒಂದು ಹಿಡಿ ಬೆಳಕು ಕಡಿಮೆಯಾಗುತ್ತದೆ.

ಅತ್ತೆಗಾಗಿ ನಾನು ಒತ್ತಿದ ಆ ಗುಂಡಿಯನ್ನು ತೆಗೆದರೆ?

ಏನೂ ಬದಲಾಗುವುದಿಲ್ಲ ಎನ್ನಬಹುದು. ಅದರ ಚರಿತ್ರೆ ಚಿಕ್ಕದು, ಆದರೆ ಓದಲು ತಕ್ಕದ್ದು. ಬಳಕೆದಾರರು ತಮ್ಮನ್ನು ಹಿಂಬಾಲಿಸಬೇಡಿ ಎಂದು ಬ್ರೌಸರಿನ ಮೂಲಕವೇ ಹೇಳುವಂತಾಗಲಿ ಎಂಬ ‘ಡು ನಾಟ್ ಟ್ರ್ಯಾಕ್’ ಸಲಹೆ ಬಂದದ್ದು 2009ರಲ್ಲಿ. 2011ರಲ್ಲಿ ಫೈರ್‌ಫಾಕ್ಸ್ ಅದನ್ನು ಅಳವಡಿಸಿತು. ಗುಂಡಿ ಒತ್ತಿದರೆ ನೀವು ತೆರೆಯುವ ಪ್ರತಿ ಪುಟಕ್ಕೂ ಕೋರಿಕೆಯ ಜೊತೆ 1 ಎಂಬ ಒಂದು ಅಂಕಿ ಹೋಗುತ್ತದೆ. ಅಷ್ಟೇ. ಅದನ್ನು ಪಾಲಿಸಲೇಬೇಕು ಎಂದು ಜಾಲತಾಣಗಳನ್ನು ಕಟ್ಟಿಹಾಕುವುದು ಏನೂ ಇರಲಿಲ್ಲ. 2012ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 10ರಲ್ಲಿ ಆ ಗುಂಡಿಯನ್ನು ಮೊದಲೇ ಒತ್ತಿಟ್ಟು ಕೊಡಲು ಹೊರಟಾಗ, ಇದು ಬಳಕೆದಾರರ ಆಯ್ಕೆಯಲ್ಲ ಎಂದು ಜಾಹೀರಾತು ಉದ್ಯಮ ತಕರಾರು ತೆಗೆಯಿತು. ನಿಯಮ ರೂಪಿಸಲು ಕೂತಿದ್ದ ಡಬ್ಲ್ಯು3ಸಿ ಕಾರ್ಯತಂಡ 2019ರ ಜನವರಿಯಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಆಪಲ್ ತನ್ನ ಸಫಾರಿಯಿಂದ ಆ ಗುಂಡಿಯನ್ನು ತೆಗೆಯಿತು. ತೆಗೆದ ಕಾರಣವೇ ಒಂದು ವ್ಯಂಗ್ಯ: ಆ ಅಂಕಿಯನ್ನು ಉಳಿದ ವಿವರಗಳ ಜೊತೆ ಸೇರಿಸಿ ಬಳಕೆದಾರರನ್ನು ಗುರುತು ಹಿಡಿಯಲು ಬಳಸಬಹುದಿತ್ತು. ಮರೆಯಾಗಲು ಹಾಕಿದ ಪರದೆಯೇ ಮನೆಯ ಗುರುತಾದಂತೆ. ಮೊದಲು ಅಳವಡಿಸಿದ ಫೈರ್‌ಫಾಕ್ಸ್ ಕೂಡ 2025ರಲ್ಲಿ ಅದನ್ನು ಕೈಬಿಟ್ಟಿತು.

ಒಪೆರಾ ಕಿಟಕಿಯ ಬಗ್ಗೆ ಹೇಳಿದ್ದನ್ನು ಇಲ್ಲಿ ಒಂದು ಬದಲಾವಣೆಯೊಂದಿಗೆ ಹೇಳಬೇಕು. ಒಪೆರಾ ಕಿಟಕಿ ಯಾರನ್ನೂ ಅಪಾಯಕ್ಕೆ ನೂಕುವ ಭರವಸೆ ಕೊಡಲಿಲ್ಲ. ಈ ಗುಂಡಿ ಕೊಟ್ಟಿತು. ಒತ್ತಿದವರು ನಿಶ್ಚಿಂತರಾದರು, ನಿಶ್ಚಿಂತರಾದವರು ಬೇರೆ ಗುಂಡಿಗಳನ್ನು ಹುಡುಕಲಿಲ್ಲ. ಒಡವೆ ಕೆಡುವುದು ಕೆಲಸ ಮಾಡದಿದ್ದಾಗ ಅಲ್ಲ, ಕೆಲಸ ಮಾಡುವ ವಸ್ತುವಿನ ಜಾಗದಲ್ಲಿ ಕೂತಾಗ.

ಖಾಸಗಿ ಕಿಟಕಿಯ ವಿಷಯ ಹೀಗಲ್ಲ, ಅದನ್ನು ಬೇರೆಯಾಗಿಯೇ ತೂಗಬೇಕು. ಅದು ನಿಜವಾದ ಕೆಲಸ ಮಾಡುತ್ತದೆ. ಮುಚ್ಚಿದ ಕೂಡಲೇ ಆ ಅವಧಿಯ ಚರಿತ್ರೆಯೂ ಕುಕಿಗಳೂ ಕಂಪ್ಯೂಟರಿನಿಂದ ಅಳಿಯುತ್ತವೆ. ನಮ್ಮಂಥ ಮನೆಯಲ್ಲಿ, ಒಂದೇ ಯಂತ್ರವನ್ನು ಐದು ಜನ ಬಳಸುವಲ್ಲಿ, ಅದು ಸಣ್ಣ ಮಾತಲ್ಲ. ಆದರೆ ನೀವು ಹೋದ ಜಾಲತಾಣಕ್ಕೆ, ಇಂಟರ್‌ನೆಟ್ ಕೊಡುವ ಕಂಪನಿಗೆ, ಕಚೇರಿಯಲ್ಲಿದ್ದರೆ ಕಚೇರಿಯ ಜಾಲ ನೋಡಿಕೊಳ್ಳುವವರಿಗೆ ಅದು ಪರದೆಯಲ್ಲ. ಕೆಲಸ ಸರಿಯಾಗಿದೆ, ಹೆಸರು ಅದಕ್ಕಿಂತ ದೊಡ್ಡದಾಗಿದೆ. ಕ್ರೋಮ್ ಬ್ರೌಸರಿನ ಇಂಥ ಕಿಟಕಿಯ ವಿಚಾರವಾಗಿ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ವಿರುದ್ಧ ಮೊಕದ್ದಮೆ ಹೂಡಿದವರ ದೂರು ಈ ಅಂತರದ ಬಗ್ಗೆಯೇ ಇತ್ತು. 2024ರ ಒಪ್ಪಂದದಲ್ಲಿ, ಸಂಗ್ರಹವಾಗಿದ್ದ ಕೋಟ್ಯಂತರ ದಾಖಲೆಗಳನ್ನು ನಾಶಮಾಡಲು ಕಂಪನಿ ಒಪ್ಪಿತು. ಕಿಟಕಿ ತೆರೆದಾಗ ಕಾಣುವ ವಿವರಣೆಯ ಮಾತುಗಳೂ ಬದಲಾದವು. ವಿಮರ್ಶೆ ಓದುವವರಿಗೆ ಇದು ಪರಿಚಿತ ಪಾಡು: ಪುಸ್ತಕ ಕೆಟ್ಟದ್ದಲ್ಲ, ಬೆನ್ನುಡಿ ಸುಳ್ಳು ಹೇಳಿತ್ತು.

ಹಾಗಾದರೆ ಬ್ರೌಸರಿನ ಸೆಟ್ಟಿಂಗ್ಸ್ ಎಲ್ಲ ಬರಿಯ ಶೋಕಿಯೇ? ಅಲ್ಲ. ಬೇರೆಯವರ ಕುಕಿಗಳನ್ನು, ಅಂದರೆ ನಾವು ನೋಡುತ್ತಿರುವ ತಾಣದ್ದಲ್ಲದವನ್ನು ತಡೆಯುವ ಆಯ್ಕೆ ನಿಜವಾಗಿ ತಡೆಯುತ್ತದೆ. ಸಫಾರಿ 2020ರಿಂದ ಅವನ್ನು ತಾನಾಗಿಯೇ ತಡೆಯುತ್ತಿದೆ. ಕ್ರೋಮ್ ಅದೇ ವರ್ಷ ಅವನ್ನು ಕೈಬಿಡುವುದಾಗಿ ಹೇಳಿ, ಮುಂದೂಡುತ್ತ ಬಂದು, 2024ರಲ್ಲಿ ಆ ಯೋಜನೆಯನ್ನೇ ಬಿಟ್ಟಿತು. ಹಾಗಾಗಿ ಅಲ್ಲಿ ಕೈಯಾರೆ ಒತ್ತಿಕೊಳ್ಳಬೇಕು. ಮೈಕ್, ಕ್ಯಾಮೆರಾ, ಇರುವ ಜಾಗ ಇವುಗಳಿಗೆ ಯಾವ ತಾಣಕ್ಕೆ ಅನುಮತಿ ಕೊಟ್ಟಿದ್ದೇವೆ ಎಂಬ ಪಟ್ಟಿಯೂ ಅಲ್ಲೇ ಇದೆ. ಅದನ್ನು ತೆರೆದು ನೋಡಿ, ಎಂದೋ ಕೊಟ್ಟು ಮರೆತ ಅನುಮತಿಗಳು ಸಿಗುತ್ತವೆ. ಅವನ್ನು ಹಿಂತೆಗೆದರೆ ಬಾಗಿಲು ನಿಜಕ್ಕೂ ಮುಚ್ಚುತ್ತದೆ. ಈ ಆಯ್ಕೆಗಳು ಇರುವುದು ನಾಲ್ಕು ಮೆಟ್ಟಿಲು ಒಳಗೆ, ಬೂದು ಅಕ್ಷರಗಳಲ್ಲಿ. ನೋಡಲು ಅವುಗಳಲ್ಲಿ ಏನೂ ಚೆಂದವಿಲ್ಲ.

ಇನ್ನೊಂದು ಉದಾಹರಣೆ ನನ್ನ ಅಳತೆಗೋಲನ್ನೇ ತಿದ್ದಿತು. 2020ರಲ್ಲಿ ‘ಗ್ಲೋಬಲ್ ಪ್ರೈವಸಿ ಕಂಟ್ರೋಲ್’ ಎಂಬ ಹೊಸ ಸಂಕೇತ ಬಂತು. ತಾಂತ್ರಿಕವಾಗಿ ಅದು ಹಳೆಯದರ ತಮ್ಮನೇ: ಪುಟದ ಕೋರಿಕೆಯ ಜೊತೆ ಮತ್ತದೇ 1. ಆದರೆ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಈ ಸಂಕೇತಕ್ಕೆ ಬೆಲೆಯಿದೆ. ಅದನ್ನು ಮಾನ್ಯ ಮಾಡದ್ದೂ ಸೇರಿದಂತೆ ಕೆಲವು ಆರೋಪಗಳ ಮೇಲೆ ಸೆಫೊರಾ ಎಂಬ ಸೌಂದರ್ಯ ಸಾಮಗ್ರಿಗಳ ಕಂಪನಿ 2022ರಲ್ಲಿ 12 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಒಂದೇ ಅಂಕಿ ಒಂದು ಕಡೆ ಒಪೆರಾ ಕಿಟಕಿ, ಇನ್ನೊಂದು ಕಡೆ ಜಾಲಂಧ್ರ. ಅಂದರೆ ವಸ್ತುವಿನ ಆಕಾರವನ್ನು ಎಷ್ಟು ದಿಟ್ಟಿಸಿದರೂ ಅದು ಅಲಂಕಾರವೋ ಉಪಯೋಗವೋ ತಿಳಿಯುವುದಿಲ್ಲ. ಅದರ ಆಚೆ ನಿಂತವರು ಅದಕ್ಕೆ ಉತ್ತರ ಕೊಡಬೇಕಾದವರೇ ಎಂದೂ ನೋಡಬೇಕು. ರೂಪವನ್ನಷ್ಟೇ ಓದುವ ನನ್ನಂಥ ವಿಮರ್ಶಕರು ತಪ್ಪುವುದು ಇಲ್ಲಿ.

ಕಾರ್ವೆಟ್‌ನ ಸೀಳುಗಾಜು ನನಗೆ ಇಂದಿಗೂ ಇಷ್ಟ. ಅದರ ತಪ್ಪು ಬಯಲಲ್ಲೇ ಇದೆ. ಕನ್ನಡಿ ನೋಡಿದ ಮೊದಲ ಸಲವೇ ಚಾಲಕನಿಗೆ ಅದು ಕಾಣುತ್ತದೆ, ಬೇಡವಾದವನು ಕತ್ತರಿಸಿಕೊಳ್ಳಬಹುದು. ಕಾಣದ ಅಡ್ಡಿಗಿಂತ ಕಾಣುವ ಅಡ್ಡಿ ವಾಸಿ.

ಎರಡು ದಿನ ಬಿಟ್ಟು ಅತ್ತೆಯ ಹತ್ತಿರ ಹೋಗಿ, ಅವತ್ತು ನಾನು ಹೇಳಿದ್ದು ಪೂರ್ತಿ ನಿಜವಲ್ಲ ಎಂದೆ. ಮನೆಯವರಿಗೆ ಗೊತ್ತಾಗುವುದಿಲ್ಲ, ಆದರೆ ನೀವು ಓದಿದ ತಾಣಗಳಿಗೆ, ಅವುಗಳ ಜೊತೆ ವ್ಯವಹಾರ ಇರುವವರಿಗೆ, ಇಂಥದ್ದನ್ನು ಯಾರೋ ಓದಿದರು ಎಂದು ತಿಳಿದಿರಬಹುದು ಎಂದು ಬಿಡಿಸಿ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದರು.

“ಅವರಿಗೆ ಗೊತ್ತಾದ್ರೆ ಆಗ್ಲಿ ಬಿಡೇ. ನಿಮ್ಮ ಮಾವನಿಗೆ ನಾನೇ ಹೇಳಬೇಕು ಅಂತಿತ್ತು, ಅಷ್ಟೇ. ಆದ್ರೆ ನೀನು ಅವತ್ತೇ ಹೀಗೆ ಹೇಳಬಹುದಿತ್ತು.”

ಹೇಳಬಹುದಿತ್ತು. ಮರುದಿನ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋದೆವು. ಪರೀಕ್ಷೆಯಲ್ಲಿ ಅದು ಅಪಾಯದ ಗಂಟಲ್ಲ ಎಂದು ಬಂತು. ಆಟೋದಲ್ಲಿ ವಾಪಸು ಬರುವಾಗಲೇ ಅವರು ಮಾವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು, ಆಟೋದವನಿಗೂ ಕೇಳುವಷ್ಟು ಜೋರಾಗಿ.